ಡಿಜಿಟಲ್ ಡೈರಿ ಆನ್ ಆಗುತ್ತಿಲ್ಲವೇ? ಬಿಚ್ಚುವ ಮೊದಲು ಇದನ್ನು ಓದಿ

1993ರಲ್ಲಿ ದೊಡ್ಡಪ್ಪ ದುಬೈಯಿಂದ ರಜೆಗೆ ಬಂದಾಗ ತಂದ ಡಿಜಿಟಲ್ ಡೈರಿ ಈಗ ನನ್ನ ಮೇಜಿನ ಮೇಲಿದೆ. ಆಗ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ದುಬೈಯಿಂದ ನೇರ ವಿಮಾನ ಇರಲಿಲ್ಲ. ಬೊಂಬಾಯಿಯಲ್ಲಿ ಇಳಿದು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಉಡುಪಿಗೆ ಬರಬೇಕಿತ್ತು. ಕೊಡಲಿ ಮಾರ್ಕಿನ ಎಣ್ಣೆ, ಟ್ಯಾಂಗ್ ಪುಡಿ, ಸೆಂಟಿನ ಬಾಟಲಿಗಳ ನಡುವೆ ಈ ಕಪ್ಪು ಪೆಟ್ಟಿಗೆ ಇತ್ತು. ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳುವ ಯಂತ್ರ. ಮಡಚಿದರೆ ಅಂಗಿ ಜೇಬಿಗೆ ಹೋಗುತ್ತದೆ. ಬಿಡಿಸಿದರೆ ಮೇಲೆ ಸ್ಕ್ರೀನು, ಕೆಳಗೆ ಪುಟ್ಟ ಪುಟ್ಟ ಕೀಗಳು. ಮೆಮೊರಿ 64 ಕೆಬಿ. ನಮ್ಮ ವಠಾರದಲ್ಲಿ ಎಲ್ಲರೂ ಅದನ್ನು ಕಂಪ್ಯೂಟರ್ ಅಂತಲೇ ಕರೆಯುತ್ತಿದ್ದರು.

ಕಳೆದ ಆಟಿ ತಿಂಗಳಲ್ಲಿ ಅದು ಆನ್ ಆಗುವುದು ನಿಂತಿತು. ಒಂದು ಮೊಬೈಲ್ ರಿಪೇರಿ ಅಂಗಡಿಗೆ ಕೊಂಡುಹೋದೆ. ಹುಡುಗ ತಿರುಗಿಸಿ ನೋಡಿ, "ಇದು ಎಂತ ಮಾರಾಯ್ರೆ, ಕ್ಯಾಲ್ಕುಲೇಟರಾ?" ಎಂದ. ಸ್ಕ್ರೂ ಸಹ ಬಿಚ್ಚದೆ "ಬೋರ್ಡು ಹೋಗಿದೆ, ರಿಪೇರಿ ಆಗುದಿಲ್ಲ" ಎಂದೂ ಹೇಳಿದ.

ಬೋರ್ಡು ಹೋಗಿರಲಿಲ್ಲ. ಇಂಥ ಡೈರಿಗಳಲ್ಲಿ ಚಿಪ್ಪು ತಾನಾಗಿ ಸಾಯುವುದು ಕಡಿಮೆ. ಹೆಚ್ಚಿನ ಸಲ ಕರೆಂಟು ಚಿಪ್ಪಿನವರೆಗೆ ತಲುಪುತ್ತಿರುವುದಿಲ್ಲ, ಅಷ್ಟೇ. ಮಲ್ಪೆ ಕಡೆಯಿಂದ ಬರುವ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಮುಚ್ಚಿದ ಕಪಾಟು, ಇವು ಮೂರೂ ಸೇರಿ ಸೆಲ್ಲು ಕೂರುವ ತಗಡನ್ನು ತಿಂದುಹಾಕಿರುತ್ತವೆ. ಅದನ್ನು ಸರಿಮಾಡುವುದು ಮನೆಯಲ್ಲೇ ಆಗುವ ಕೆಲಸ. ಆದರೆ ಆ ಅವಸರದಲ್ಲಿ ಒಳಗಿರುವ ಹೆಸರು, ನಂಬರುಗಳನ್ನು ನಾವೇ ಅಳಿಸಿಬಿಡುತ್ತೇವೆ. ಅದಕ್ಕೆ ಮಾತ್ರ ರಿಪೇರಿ ಇಲ್ಲ.

ಎರಡು ಸೆಲ್ಲುಗಳ ಲೆಕ್ಕ

ಈ ಡೈರಿಗಳಲ್ಲಿ ಇರುವುದು ಕರೆಂಟು ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ಮೆಮೊರಿ. ಈಗಿನ ಮೊಬೈಲಿನಂತೆ ಬ್ಯಾಟರಿ ಖಾಲಿಯಾದರೂ ಫೋಟೋ ಉಳಿಯುವ ಜಾತಿಯದಲ್ಲ. ಅದಕ್ಕೇ ಎರಡು ಬಗೆಯ ಸೆಲ್ಲು ಇರುತ್ತದೆ. ಸ್ಕ್ರೀನು, ಕೀ, ಅಲಾರಂ ಎಲ್ಲ ನಡೆಯುವುದು ಮುಖ್ಯ ಸೆಲ್ಲಿನಿಂದ. ಅದು ಖಾಲಿಯಾದಾಗ, ಅಥವಾ ಬದಲಿಸುವಾಗ, ಮೆಮೊರಿಯನ್ನು ಹಿಡಿದಿಡಲು ಬ್ಯಾಕಪ್ ಸೆಲ್ಲು. ಎರಡೂ ನಾಣ್ಯದ ಹಾಗಿರುವ ಬಟನ್ ಸೆಲ್ಲುಗಳೇ: ನನ್ನದರಲ್ಲಿ ಮುಖ್ಯಕ್ಕೆ ಎರಡು ಸಿಆರ್2032, ಬ್ಯಾಕಪ್ಪಿಗೆ ಒಂದು ಸಿಆರ್2016.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಡೈರಿ ಆನ್ ಆಗದಿದ್ದರೆ ಒಳಗಿನದ್ದು ಹೋಯಿತು ಎಂದು ಅರ್ಥವಲ್ಲ. ಬ್ಯಾಕಪ್ ಸೆಲ್ಲು ಒಂದೇ ಕತ್ತಲಲ್ಲಿ ಕೂತು ಎಲ್ಲವನ್ನೂ ಕಾಯುತ್ತಿರಬಹುದು. ಹಾಗಿರುವಾಗ ನೀವು ಎರಡು ಮುಚ್ಚಳವನ್ನೂ ತೆಗೆದು, ಎಲ್ಲ ಸೆಲ್ಲುಗಳನ್ನು ಮೇಜಿನ ಮೇಲೆ ಸುರಿದರೆ ಕಥೆ ಮುಗಿಯಿತು.

ಆದ್ದರಿಂದ ಮೊದಲು ಮುಖ್ಯ ಸೆಲ್ಲಿನ ಮುಚ್ಚಳ ಮಾತ್ರ ತೆಗೆಯಿರಿ. ಹೊಸ ಸೆಲ್ಲು ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇರಲಿ. ಎರಡಿದ್ದರೆ ಒಂದೊಂದಾಗಿ ಬದಲಿಸಿ. ಡೈರಿ ಆನ್ ಆಯಿತು ಎಂದಾದ ಮೇಲೆಯೇ ಬ್ಯಾಕಪ್ಪಿಗೆ ಕೈ ಹಾಕುವುದು. ಆನ್ ಆದ ಕೂಡಲೇ ಇನ್ನೊಂದು ಕೆಲಸ: ಮೊಬೈಲು ತೆಗೆದು ಪ್ರತಿ ಪುಟದ ಫೋಟೋ ಹೊಡೆಯಿರಿ. ನಾನು ಹೊಡೆದದ್ದು 140 ಫೋಟೋ. ಒಂದು ಇಡೀ ಸಂಜೆ ಹೋಯಿತು. ದೊಡ್ಡಪ್ಪ ಬರೆದಿಟ್ಟ ಉಡುಪಿ, ಮಂಗಳೂರಿನ ನಂಬರುಗಳೆಲ್ಲ ಆರು ಅಂಕಿಯವು. ಈಗ ಮುಂದೆ 2 ಸೇರಿ ಏಳಾಗಿದೆ. ಕನ್ನಡ ಬರೆಯಲು ಅದರಲ್ಲಿ ಆಗುವುದಿಲ್ಲವಾದ್ದರಿಂದ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇದೆ. ಗ್ಯಾಸಿನವ, ಕಾಯಿ ಕೊಯ್ಯುವವರು, ಪೂಜೆ ಭಟ್ರು. ಹೆಸರೇ ಇಲ್ಲ, ಕೆಲಸ ಮಾತ್ರ!

ಇನ್ನೊಂದು ಎಚ್ಚರಿಕೆ. ಎಲ್ಲ ಯಂತ್ರಕ್ಕೂ ಬ್ಯಾಕಪ್ ಸೆಲ್ಲು ಇರುವುದಿಲ್ಲ. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈಯಗಲದ ಡೈರಿಯಲ್ಲಿ ಎರಡು ಎಎಎ ಸೆಲ್ಲು ಮಾತ್ರ. ಸೆಲ್ಲು ತೆಗೆದ ಮೇಲೆ ಒಳಗಿನ ಕೆಪಾಸಿಟರಿನಲ್ಲಿ ಉಳಿದ ಚೂರು ಕರೆಂಟೇ ಗತಿ. ಅದು ಸುಮಾರು ಒಂದು ನಿಮಿಷ ಹಿಡಿದಿಡುತ್ತದೆ. ಹಳೆಯದಾದರೆ ಅಷ್ಟೂ ಇಲ್ಲ. ಅಂಥದ್ದರಲ್ಲಿ ಹಳೆ ಸೆಲ್ಲು ಬಿಚ್ಚಿಟ್ಟು ಹೊಸದು ತರಲು ಅಂಗಡಿಗೆ ಹೋದರೆ, ವಾಪಸು ಬರುವಾಗ ಡೈರಿ ಖಾಲಿ.

ಏನೂ ಆಗುತ್ತಿಲ್ಲ: ಸ್ಕ್ರೀನು ಪೂರ್ತಿ ಖಾಲಿ

ಮೊದಲು ಸೆಲ್ಲಿನ ನಂಬರು ನೋಡಿ. ನಾನು ಎಡವಿದ್ದು ಇಲ್ಲೇ. ಸಿಆರ್2032ರಲ್ಲಿ ಮೊದಲ ಎರಡು ಅಂಕಿ ಅಗಲ, 20 ಮಿಲಿಮೀಟರ್. ಕೊನೆಯ ಎರಡು ದಪ್ಪ, 3.2 ಮಿಲಿಮೀಟರ್. 2025 ಅಂದರೆ 2.5, 2016 ಅಂದರೆ 1.6 ದಪ್ಪ. ಮೂರೂ 3 ವೋಲ್ಟಿನವೇ, ಅಗಲವೂ ಒಂದೇ. ಹಾಗಾಗಿ ಅಂಗಡಿಯಲ್ಲಿ "2032 ಇಲ್ಲ, ಇದೇ ಆಗ್ತದೆ" ಎಂದು 2025 ಕೊಟ್ಟರೆ ನಾವು ತರುತ್ತೇವೆ. ಕೂರಿಸಿದಾಗ ಕೂತ ಹಾಗೆ ಕಾಣುತ್ತದೆ. ಆದರೆ ಮೇಲಿನ ತಗಡಿಗೆ ಸರಿಯಾಗಿ ತಾಗುವುದಿಲ್ಲ. ಡೈರಿಯನ್ನು ಅಲ್ಲಾಡಿಸಿದರೆ ಒಮ್ಮೆ ಆನ್, ಒಮ್ಮೆ ಆಫ್. ನನ್ನದರಲ್ಲಿ ಹಿಂದಿನ ವರ್ಷ ಹಾಕಿದ್ದು 2025. ಅದು ಗೊತ್ತಾದಾಗ ನನಗೇ ನಗು ಬಂತು.

ಆಮೇಲೆ ವೋಲ್ಟು ಅಳೆಯಿರಿ. ಹೊಸ ಲಿಥಿಯಂ ಬಟನ್ ಸೆಲ್ಲು ಮೀಟರಿನಲ್ಲಿ 3.2ರ ಹತ್ತಿರ ತೋರಿಸುತ್ತದೆ. ಆದರೆ ಸುಮ್ನೆ ಮೀಟರು ಇಟ್ಟು ನೋಡಿದರೆ ಸಾಲದು. ಸೋತ ಸೆಲ್ಲು ಸಹ ಕೆಲಸವಿಲ್ಲದೆ ಕೂತಿರುವಾಗ 3 ವೋಲ್ಟು ತೋರಿಸಿ ಮೋಸ ಮಾಡುತ್ತದೆ. ಅದಕ್ಕೆ ಸ್ವಲ್ಪ ಭಾರ ಹೊರಿಸಬೇಕು. 1000 ಓಮಿನ ಒಂದು ರೆಸಿಸ್ಟರನ್ನು ಸೆಲ್ಲಿನ ಎರಡು ಬದಿಗೆ ತಾಗಿಸಿ ಹಿಡಿದು, ಆಗ ಅಳೆಯಿರಿ. ಸುಮಾರು 3 ಮಿಲಿಆಂಪಿಯರ್ ಹರಿಯುತ್ತದೆ. ಆಗ ವೋಲ್ಟು 2.7ರ ಕೆಳಗೆ ಜಾರಿದರೆ ಆ ಸೆಲ್ಲನ್ನು ನಂಬಬೇಡಿ. ಹೊಸತೆಂದು ಕೊಂಡದ್ದೂ ಅಂಗಡಿಯ ಡಬ್ಬದಲ್ಲಿ ವರ್ಷಗಟ್ಟಲೆ ಕೂತಿರಬಹುದು.

ಸೆಲ್ಲು ಗಟ್ಟಿ ಇದೆ, ದಪ್ಪವೂ ಸರಿ, ಆದರೂ ಆನ್ ಆಗುತ್ತಿಲ್ಲ. ಈಗ ತಗಡಿನ ವಿಷಯ. ನಮ್ಮ ಕರಾವಳಿಯಲ್ಲಿ ಮುಖ್ಯ ಕಳ್ಳ ಇದೇ. ಟಾರ್ಚು ಬಿಟ್ಟು ನೋಡಿ. ಹಸಿರು ಬಣ್ಣ ಕಂಡರೆ ಕಿಲುಬು. ತಗಡಿನ ಮೇಲಿನ ಲೇಪ ಹೋಗಿ, ಒಳಗಿನ ತಾಮ್ರಕ್ಕೆ ಉಪ್ಪು ಮತ್ತು ತೇವ ತಾಗಿದೆ ಎಂದು ಲೆಕ್ಕ. ದೀಪದ ಕಂಬಕ್ಕೆ, ಹರಿವಾಣಕ್ಕೆ ಹಿಡಿಯುತ್ತದಲ್ಲ, ಅದೇ. ಕಂದು ಬಣ್ಣವಾದರೆ ಕಬ್ಬಿಣದ ತುಕ್ಕು. ಎಎಎ ಸೆಲ್ಲಿನ ಯಂತ್ರದಲ್ಲಿ ಬಿಳಿ ಹುಡಿ ಕಂಡರೆ ಸೆಲ್ಲು ಸೋರಿದೆ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ.

ಮದ್ದು ಬೇರೆ ಬೇರೆ. ಬಿಳಿ ಹುಡಿಗೆ ಹುಳಿ ಬೇಕು: ಕಿವಿ ಕಡ್ಡಿಗೆ ಎರಡು ಹನಿ ವಿನಿಗರ್ ಅಥವಾ ಲಿಂಬೆ ರಸ ತಾಗಿಸಿ ಒರೆಸಿ, ಕೂಡಲೇ ನೀರು ತಾಗಿಸಿದ ಇನ್ನೊಂದು ಕಡ್ಡಿಯಿಂದ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಹುಳಿ ಅಲ್ಲೇ ಉಳಿದರೆ ಅದೇ ತಗಡನ್ನು ತಿನ್ನುತ್ತದೆ. ತಂಬಿಗೆಗೆ ಹುಣಸೆಹುಳಿ ಹಾಕಿ ತಿಕ್ಕುವ ಹಾಗೆ ತಿಕ್ಕಲು ಹೋಗಬೇಡಿ. ಹಸಿರು ಕಿಲುಬಿಗೆ ಪೆನ್ಸಿಲಿನ ರಬ್ಬರು ಸಾಕು. ರಬ್ಬರನ್ನು ಬ್ಲೇಡಿನಿಂದ ಚೂಪು ಮಾಡಿ, ತಗಡು ಹೊಳೆಯುವವರೆಗೆ ಉಜ್ಜಿ, ಮತ್ತೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮೊಬೈಲ್ ರಿಪೇರಿಯವರು ಇದನ್ನು ಐಪಿಎ ಎನ್ನುತ್ತಾರೆ. ಮರಳು ಕಾಗದ ಬೇಡವೇ ಬೇಡ. ಅದು ಉಳಿದ ಲೇಪವನ್ನೂ ಕೆರೆದು ತೆಗೆಯುತ್ತದೆ, ಮುಂದಿನ ಮಳೆಗಾಲಕ್ಕೆ ಕಿಲುಬು ಎರಡು ಪಾಲು ಬರುತ್ತದೆ.

ಸ್ಪ್ರಿಂಗಿನ ಹಾಗಿರುವ ತಗಡು ಒತ್ತಿ ಒತ್ತಿ ಚಪ್ಪಟೆಯಾಗಿದ್ದರೆ ಸ್ವಲ್ಪವೇ ಮೇಲೆತ್ತಬೇಕು. ನಾನು ಇದಕ್ಕೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಬಳಸುತ್ತೇನೆ. ಬಿಗಿಯಾಗಿಯೂ ಇದೆ, ಕರೆಂಟು ಹರಿಯುವುದಿಲ್ಲವಾದ್ದರಿಂದ ಆಚೀಚೆ ತಾಗಿದರೂ ಶಾರ್ಟ್ ಆಗುವ ಭಯವಿಲ್ಲ. ಸೆಲ್ಲನ್ನು ತೆಗೆಯಲೂ ಅದೇ ಕಡ್ಡಿ. ಕಬ್ಬಿಣದ ಚಿಮಟದಿಂದ ಬಟನ್ ಸೆಲ್ಲಿನ ಎರಡೂ ಬದಿ ಹಿಡಿದರೆ ಅದು ಅಲ್ಲೇ ಶಾರ್ಟ್. ಬಿಚ್ಚಿದ ಸೆಲ್ಲುಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನುಂಗಿದರೆ ಅನ್ನನಾಳವನ್ನು ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಇಷ್ಟಾದರೂ ಆನ್ ಆಗದಿದ್ದರೆ ಕೊನೆಯದ್ದು ರೀಸೆಟ್. ಹಿಂಬದಿಯಲ್ಲಿ ಸೂಜಿ ಹೋಗುವಷ್ಟು ತೂತು ಇರುತ್ತದೆ. ಕೆಲವು ಯಂತ್ರಗಳು ಒತ್ತಿದ ಮೇಲೆ ಎಲ್ಲ ಅಳಿಸಲೇ ಎಂದು ಕೇಳುತ್ತವೆ, ಬೇಡ ಎಂದರೆ ಉಳಿಸಿ ಏಳುತ್ತವೆ. ಕೆಲವು ಕೇಳುವುದೇ ಇಲ್ಲ. ಆದ್ದರಿಂದ ಇದು ಕೊನೆಗೆ. ಸಿಟ್ಟಿನಲ್ಲಿ ಮೊದಲು ಮಾಡುವ ಕೆಲಸವಲ್ಲ.

ಸ್ಕ್ರೀನು ಬರುತ್ತದೆ, ಆದರೆ ಓದಲಾಗುವುದಿಲ್ಲ

ಮಸುಕಾಗಿದ್ದರೆ ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಸೆಲ್ಲು ಸೋತಿದೆ.

ಗೆರೆಗಳು ಮಾಯವಾಗಿದ್ದರೆ, ಅಂದರೆ ಅಕ್ಷರದ ನಡುವೆ ಒಂದು ಪಟ್ಟಿ ಕಾಣದಿದ್ದರೆ, ಸ್ಕ್ರೀನಿನ ಅಂಚಿನ ಚೌಕಟ್ಟನ್ನು ಹೆಬ್ಬೆರಳಿನಿಂದ ಮೆಲ್ಲ ಒತ್ತಿ. ಗೆರೆ ಹಿಂದೆ ಬಂದರೆ ಗಾಜು ಚೆನ್ನಾಗಿದೆ, ಗಾಜಿಗೂ ಬೋರ್ಡಿಗೂ ನಡುವಿನ ಸಂಪರ್ಕ ಸಡಿಲ. ಆ ಸಂಪರ್ಕದಲ್ಲಿ ಎರಡು ಜಾತಿ. ಒಂದು, ಕಪ್ಪು ಬಿಳಿ ಗೆರೆಗಳ ರಬ್ಬರು ಪಟ್ಟಿ. ಅದರ ಹೆಸರೇ ಜೀಬ್ರಾ. ಇದನ್ನು ತೆಗೆದು, ಪಟ್ಟಿಯ ಅಂಚನ್ನೂ ಗಾಜಿನ ಅಂಚನ್ನೂ ಐಪಿಎಯಿಂದ ಒರೆಸಿ ಕೂರಿಸಿದರೆ ಸರಿಯಾಗುತ್ತದೆ. ಇನ್ನೊಂದು, ಬಿಸಿಯಿಂದ ಅಂಟಿಸಿದ ತೆಳು ರಿಬ್ಬನ್. ಅದನ್ನು ಮತ್ತೆ ಬಿಸಿಮಾಡಿ ಒತ್ತಬೇಕು. ಕೈ ಪಳಗಿದವರು ಸೋಲ್ಡರಿಂಗ್ ಕಡ್ಡಿಯ ಬಿಸಿ ಕಡಿಮೆ ಮಾಡಿ, ನಡುವೆ ತೆಳು ಕಾಗದ ಇಟ್ಟು ಮಾಡುತ್ತಾರೆ. ನಾನು ಒಮ್ಮೆ ಬೇರೆ ಒಂದು ಕ್ಯಾಲ್ಕುಲೇಟರಿನ ಮೇಲೆ ಪ್ರಯೋಗ ಮಾಡಿ ಒಂದು ಗೆರೆ ಇದ್ದದ್ದನ್ನು ಐದು ಮಾಡಿದೆ.

ಮಡಚುವ ಡೈರಿಯಲ್ಲಿ ಇನ್ನೊಂದು ಪರೀಕ್ಷೆ ಉಂಟು. ಮುಚ್ಚಳವನ್ನು ನಿಧಾನವಾಗಿ ತೆರೆಯುತ್ತಾ ಸ್ಕ್ರೀನು ನೋಡಿ. ಒಂದು ಕೋನದಲ್ಲಿ ಸರಿ, ಇನ್ನೊಂದರಲ್ಲಿ ಗೆರೆ ಎಂದಾದರೆ ತಿರುಗಣೆಯ ಒಳಗೆ ಹಾದುಹೋಗುವ ಕೇಬಲ್ ಸೀಳಿದೆ. ಸಯಾನ್ ಕಂಪನಿಯ ಯಂತ್ರಗಳ ಅಭಿಮಾನಿಗಳಿಗೆ ಈ ನೋವು ಗೊತ್ತು. 1997ರ ಸೀರೀಸ್ 5ರಲ್ಲಿ ಸ್ಕ್ರೀನಿನ ಕೇಬಲ್ಲೇ ಮೊದಲು ಸೋಲುವ ಭಾಗ. ಅದರ ಕೀಬೋರ್ಡ್ ಮಾತ್ರ ಈಗಲೂ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ.

ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ ಕಂಡರೆ ಗಾಜು ಒಡೆದು ಒಳಗಿನ ದ್ರವ ಹರಡಿದೆ. ಅದಕ್ಕೆ ಮದ್ದಿಲ್ಲ, ಅದೇ ಮಾಡೆಲಿನ ಇನ್ನೊಂದು ಹಾಳಾದ ಡೈರಿ ಹುಡುಕಿ.

ಕೆಲವು ಕೀ ಒತ್ತಿದರೆ ಉತ್ತರವಿಲ್ಲ

ಸೆಲ್ಲು, ತಗಡು ಸರಿಯಾಗಿ ನನ್ನ ಡೈರಿ ಎದ್ದ ಮೇಲೆ ಎರಡನೆಯ ರಗಳೆ ಶುರುವಾಯಿತು. ಅಕ್ಷರದ ಕೀಗಳಲ್ಲಿ ನಾಲ್ಕು ಸತ್ತಿದ್ದವು. ಬಿಚ್ಚುವ ಮೊದಲು ಒಂದು ಕಾಗದದಲ್ಲಿ ಕೀಬೋರ್ಡಿನ ಚಿತ್ರ ಬರೆದು, ಸತ್ತ ಕೀಗಳಿಗೆ ಗುರುತು ಹಾಕಿದೆ. ಈ ಒಂದು ಕಾಗದ ನಿಮ್ಮ ಅರ್ಧ ದಿನ ಉಳಿಸುತ್ತದೆ. ಯಾಕೆಂದರೆ ಒಳಗೆ ಪ್ರತಿ ಕೀಗೂ ಬೇರೆ ಬೇರೆ ತಂತಿ ಇಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಬಲೆ. ಒಂದು ಕೀ ಒತ್ತಿದರೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಕೂಡುತ್ತವೆ. ಹಾಗಾಗಿ ಸತ್ತ ಕೀಗಳು ಚದುರಿದ್ದರೆ ಅದು ಕೊಳೆ. ಒಂದೇ ಸಾಲಿನವು ಒಟ್ಟಿಗೆ ಸತ್ತಿದ್ದರೆ ಗೆರೆ ತುಂಡಾಗಿದೆ, ಒರೆಸಿ ಪ್ರಯೋಜನವಿಲ್ಲ. ಒಂದು ಒತ್ತಿದರೆ ಎರಡು ಅಕ್ಷರ ಬಂದರೆ ತೇವ, ಅಥವಾ ಎಂದೋ ಚೆಲ್ಲಿದ ಚಹಾ.

ನನ್ನ ನಾಲ್ಕು ಚದುರಿದ್ದವು. ಸ್ಕ್ರೂ ಬಿಚ್ಚಿದೆ. ಹನ್ನೊಂದು ಸ್ಕ್ರೂ, ಮೂರು ಉದ್ದದ್ದು. ಇವು ಬೆರಕೆಯಾದರೆ ಉದ್ದದ ಸ್ಕ್ರೂ ಗಿಡ್ಡ ತೂತಿನಲ್ಲಿ ಹೋಗಿ ಎದುರಿನ ಬದಿಯಲ್ಲಿ ಮೂತಿ ತೋರಿಸುತ್ತದೆ. ಬಾಳೆಎಲೆಯಲ್ಲಿ ಉಪ್ಪು ಎಲ್ಲಿ, ಉಪ್ಪಿನಕಾಯಿ ಎಲ್ಲಿ, ಪಲ್ಯ ಎಲ್ಲಿ ಎಂದು ಜಾಗ ಇರುತ್ತದಲ್ಲ, ಹಾಗೇ ಕಾಗದದಲ್ಲಿ ಡೈರಿಯ ಆಕಾರ ಬರೆದು ಪ್ರತಿ ಸ್ಕ್ರೂವನ್ನು ಅದರದರ ಜಾಗದಲ್ಲೇ ಇಟ್ಟೆ. ಫ್ಯಾನು ಆಫ್ ಇರಲಿ.

ಒಳಗೆ ಒಂದು ರಬ್ಬರು ಹಾಳೆ. ಪ್ರತಿ ಕೀಯ ಅಡಿಯಲ್ಲಿ ಕರಿ ಗುಳಿಗೆಯಂಥ ಕಾರ್ಬನ್ ಚುಕ್ಕೆ. ಅದು ಬೋರ್ಡಿನ ಎರಡು ಗೆರೆಗಳ ಮೇಲೆ ಕೂತಾಗ ಕರೆಂಟು ದಾಟುತ್ತದೆ. ಬೋರ್ಡನ್ನು ಐಪಿಎ ತಾಗಿಸಿದ ಕಿವಿ ಕಡ್ಡಿಯಿಂದ ಒರೆಸಿ. ರಬ್ಬರು ಹಾಳೆಗೆ ಸೋಪಿನ ನೀರು ಸಾಕು. ಕಾರ್ಬನ್ ಚುಕ್ಕೆಯನ್ನು ಮಾತ್ರ ಉಜ್ಜಬೇಡಿ, ಎರಡು ಉಜ್ಜಿಗೆ ಕರಿ ಎಲ್ಲ ಕಿತ್ತು ಬರುತ್ತದೆ. ಒಂದು ಚುಕ್ಕೆ ಪೂರ್ತಿ ಸವೆದಿದ್ದರೆ ಅಲ್ಯೂಮಿನಿಯಂ ಹಾಳೆಯ ಸಣ್ಣ ಚೂರನ್ನು ಅದರ ಮೇಲೆ ಅಂಟಿಸಬಹುದು. ನೋಡಲು ಚೆಂದ ಇಲ್ಲ, ಕೆಲಸ ಮಾಡುತ್ತದೆ. ಎಲ್ಲವೂ ಪೂರ್ತಿ ಒಣಗಿದ ಮೇಲೆಯೇ ಮುಚ್ಚಿ. ಮಳೆಗಾಲದಲ್ಲಿ ಒಣಗಿತು ಎಂದು ನಮಗೆ ಅನಿಸುವುದು ಬೇರೆ, ಒಣಗಿರುವುದು ಬೇರೆ. ನಾನು ಒಂದು ರಾತ್ರಿ ಟೇಬಲ್ ಲ್ಯಾಂಪಿನ ಕೆಳಗೆ ಇಟ್ಟೆ.

ಬಿಚ್ಚುವಾಗಲೂ ಸೆಲ್ಲಿನ ಮಾತು ಮರೆಯಬೇಡಿ. ಹೆಚ್ಚಿನ ಡೈರಿಗಳಲ್ಲಿ ಹಿಂಬದಿ ತೆಗೆದರೆ ಬ್ಯಾಕಪ್ ಸೆಲ್ಲೂ ಕಳಚುತ್ತದೆ. ಫೋಟೋ ಹೊಡೆಯದೆ ಇಲ್ಲಿಯವರೆಗೆ ಬರಬಾರದು.

ಮುಚ್ಚಿದ ಮೇಲೆ ಅಲಾರಂ ಬಾಯಿ ಬಿಡುತ್ತಿಲ್ಲ

ಇದು ನೀವೇ ಮಾಡಿದ ದೋಷ. ಹೆದರಬೇಡಿ. ಶಬ್ದ ಮಾಡುವುದು ಹಿತ್ತಾಳೆ ಬಿಲ್ಲೆಯ ಮೇಲೆ ಅಂಟಿಸಿದ ಪೀಜೋ ಎಂಬ ತೆಳು ಪದರ. ಹಲವು ಯಂತ್ರಗಳಲ್ಲಿ ಬಿಲ್ಲೆ ಇರುವುದು ಹಿಂದಿನ ಮುಚ್ಚಳದಲ್ಲಿ, ಬೋರ್ಡಿಗೆ ಸಂಪರ್ಕ ಒಂದೆರಡು ಸಣ್ಣ ಸ್ಪ್ರಿಂಗಿನಿಂದ. ಮುಚ್ಚಳ ತೆಗೆಯುವಾಗ ಆ ಸ್ಪ್ರಿಂಗು ಹಾರಿ ಮೇಜಿನಡಿ ಸೇರಿರುತ್ತದೆ. ನನಗೆ ಸಿಕ್ಕಿದ್ದು ಮರುದಿನ ಗುಡಿಸುವಾಗ.

ಗಡಿಯಾರ ಒಂದೂವರೆ ಗಂಟೆ ಹಿಂದೆ

ಇದಕ್ಕೆ ನಾನು ಎರಡು ದಿನ ಹಾಳು ಮಾಡಿದ್ದೇನೆ. ಗಡಿಯಾರ ತಪ್ಪಿದರೆ ಕ್ರಿಸ್ಟಲ್ ಎಂದೇ ನನ್ನ ತಲೆಯಲ್ಲಿ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಿಮೆಯಾದರೆ ತಿಂಗಳಿಗೆ 50 ಸೆಕೆಂಡಿನಷ್ಟು ತಪ್ಪುತ್ತದೆ. ಅಷ್ಟು ಸಹಜ. ಆದರೆ ನನ್ನದು ಸರಿಯಾಗಿ ಒಂದೂವರೆ ಗಂಟೆ ಹಿಂದೆ. ಸರಿಮಾಡಿದರೂ, ಲೋಕದ ಸಮಯ ತೋರಿಸುವ ಪುಟಕ್ಕೆ ಹೋಗಿ ಬಂದರೆ ಮತ್ತೆ ಗಲಿಬಿಲಿ.

ಹೀಗೆ ತಪ್ಪಿನ ಲೆಕ್ಕ ಗಂಟೆ, ಅರ್ಧಗಂಟೆಗೆ ಸರಿಯಾಗಿ ನಿಂತರೆ ಅದು ಹರಳಿನ ದೋಷವಲ್ಲ. ಸ್ವಂತ ಊರು ಯಾವುದೆಂದು ಡೈರಿಗೆ ತಪ್ಪು ಹೇಳಲಾಗಿದೆ. ದೊಡ್ಡಪ್ಪನ ಊರು ದುಬೈ ಎಂದೇ ಇತ್ತು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಪಟ್ಟಿಯಲ್ಲಿ ಉಡುಪಿ ಎಲ್ಲಿ ಬರಬೇಕು, ದೆಹಲಿ ಆರಿಸಿದೆ.

ಬೇಗ ಮುಗಿಯುವ ಎರಡು

ಹೊರಗಿನ ಪ್ಲಾಸ್ಟಿಕ್ಕು ಬೆಲ್ಲದ ಹಾಗೆ ಕೈಗೆ ಅಂಟುತ್ತಿದ್ದರೆ ಅದು ಮೇಲಿನ ರಬ್ಬರಿನಂಥ ಲೇಪ ತೇವಕ್ಕೆ ಕರಗಿದ್ದು. ಐಪಿಎಯಿಂದ ಪೂರ್ತಿ ಒರೆಸಿ ತೆಗೆದುಬಿಡಿ.

ಗುಟ್ಟಿನ ಪುಟದ ಪಾಸ್‌ವರ್ಡ್ ಮರೆತಿದ್ದರೆ ಹೆಚ್ಚಿನ ಡೈರಿಗಳಲ್ಲಿ ಇರುವ ದಾರಿ ಒಂದೇ: ಎಲ್ಲವನ್ನೂ ಅಳಿಸುವುದು. ದೊಡ್ಡಪ್ಪನಿಗೆ ಫೋನು ಮಾಡಿ ಕೇಳಿದೆ. "ಪಾಸ್‌ವರ್ಡ್ ಬಿಡು, ಅದರಲ್ಲಿ ಎಂತ ಇಟ್ಟಿದ್ದೆ ಅಂತಲೇ ನೆನಪಿಲ್ಲ" ಎಂದರು. ಹಿಂದಿನಿಂದ ದೊಡ್ಡಮ್ಮ "ಅದೆಂತ ಗುಟ್ಟು?" ಎಂದು ಕೇಳುವುದು ನನಗೆ ಕೇಳಿಸಿತು. ಆ ಪುಟ ಹಾಗೇ ಬೀಗ ಹಾಕಿಕೊಂಡು ಇದೆ.

ಮುಂದಿನ ಜೂನಿಗೆ ಮೊದಲು

ಗಾಳಿಯಾಡದ ಸ್ಟೀಲು ಡಬ್ಬ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಅಕ್ಕಿ ಡಬ್ಬದಲ್ಲಿ ಹೂಳುವುದು ಬೇಡ, ಅಕ್ಕಿಯ ಹುಡಿ ಕೀಗಳ ಸಂದಿಗೆ ಹೋಗುತ್ತದೆ. ಬಟ್ಟೆ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಇಡಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ತಿಂಗಳಿಗೊಮ್ಮೆ ಹೊರಗೆ ತೆಗೆದು ಆನ್ ಮಾಡಿ. ಮುಖ್ಯ ಸೆಲ್ಲನ್ನು ವರ್ಷಕ್ಕೊಮ್ಮೆ, ಬ್ಯಾಕಪ್ಪನ್ನು ಮೂರು ವರ್ಷಕ್ಕೊಮ್ಮೆ ನಾನು ಬದಲಿಸುತ್ತೇನೆ. ಎರಡನ್ನೂ ಒಂದೇ ದಿನ ಬದಲಿಸುವುದಿಲ್ಲ. ಬದಲಿಸಿದ ತಾರೀಕು ಮತ್ತು ಸೆಲ್ಲಿನ ನಂಬರು ಬರೆದ ಚೀಟಿಯನ್ನು ಡೈರಿಯ ಬೆನ್ನಿಗೆ ಅಂಟಿಸಿದ್ದೇನೆ. ಅದರಲ್ಲಿ 2032 ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.